ಶ್ರವಣ ಎಲ್ಲವ್ನೆ ಗೊತ್ತಾ?

ಫೋನಲ್ಲಿ ಜಪಾನಿನ ರಾಕ್ಷಸನ್ನ ನೋಡಿ ಮಕ್ಳು ಕೆಡ್ತವೆ ಅಂತೀರಲ್ಲ ಅಕ್ಕದೀರಾ, ವಸಿ ಕೇಳಿ. 2016ರಲ್ಲಿ ಶುರುವಾದ ‘ಡೀಮನ್ ಸ್ಲೇಯರ್’ ಚಿತ್ರಕತೆಲಿ ಮುಜಾನ್ ಅಂತ ಒಬ್ಬ ಅವ್ನೆ. ಮನುಸ್ರನ್ನ ತಿಂತನೆ, ಬಿಸ್ಲು ಬಿದ್ರೆ ಬೂದಿ ಆಯ್ತನೆ. ಅವ್ನು ಕೆಟ್ಟೋನು ಅಂತ ಕೂಸಿಗೂ ಗೊತ್ತು. ಅವನಿಂದ ಯಾರೂ ಕೆಡಕಿಲ್ಲ.

ನಮ್ಮ ಶ್ರವಣ ಅವನಿಗಿಂತ ಜಾಣ. ದೇವ್ರುಗಳ್ನೇ ಸೆರೆ ಹಿಡ್ದು ಚಾಕ್ರಿ ಮಾಡಿಸ್ದೋನು. ದೇವರಗುಡ್ಡರು ಕಂಸಾಳೆ ಹಿಡ್ದು ರಾತ್ರಿಯೆಲ್ಲ ಹಾಡ್ತರಲ್ಲ, ಅದೇ ಕತೆ. ಅವನ್ನ ಕೊಂದದ್ದು ಕತ್ತಿ ಅಲ್ಲ, ಅರಗಿನ ಪಾದರಕ್ಷೆ. ಮಾಡ್ಕೊಟ್ಟೋನು ಮಾದಿಗರ ಹರಳಯ್ಯ.

ಮದ್ದೂರಿಂದ ಬೆಟ್ಟಕ್ಕೋಗಿ ‘ಉಘೇ ಮಾದಪ್ಪ’ ಅಂತೀರಿ. ಬಂದ್ಮೇಲೆ ಕೆಲವರು ಆಳಿಗೆ ಹಿತ್ಲಲ್ಲಿ ಬ್ಯಾರೆ ಲೋಟ ಮಡಗ್ತೀರಿ. ಆಗ ನೀವು ಯಾರ ಕಡೆ? ದುಡಿಸ್ಕೊಂಡು ಹೊರಗೆ ನಿಲ್ಸೋದೇ ಶ್ರವಣನ ಕೆಲ್ಸ ಕನ್ರವ್ವ. “ಹಿರೀಕ್ರು ಮಾಡ್ಕಂಡು ಬಂದದ್ದು” ಅಂತೀರಾ? ಮಾದಪ್ಪ ಹರಳಯ್ಯನ ಬಾಗ್ಲಿಗೋದ ಅಂತ ಹಾಡಿದ್ದೂ ಹಿರೀಕ್ರೇ ಅಲ್ವ?

ಮಕ್ಳ ಕೈಯಿಂದ ಫೋನ್ ಕಿತ್ಕಳದು ಆಮೇಲೆ. ಮೊದ್ಲು ಈ ಕತೆಯ ಪೂರ್ತಿ ಹೇಳಿ. ಅದಕ್ಕೂ ಮುಂಚೆ, ಹಿತ್ಲಲ್ಲಿರೋ ಲೋಟವ ಒಳಕ್ಕೆ ತಂದು ಎಲ್ಲಾ ಲೋಟದ ಜೊತೇಲಿ ಮಡಗಿ.