ಜಾತ್ರೆಯ ತೊಟ್ಟಿಲಿಗೂ ಒಂದು ಲೆಕ್ಕವಿರಲಿ

ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಭಕ್ತಸಾಗರ ಹರಿದು ಬರುತ್ತದೆ. ರಾಮದುರ್ಗ ತಾಲ್ಲೂಕಿನ ಗೊಡಚಿಯಲ್ಲಿ ವೀರಭದ್ರೇಶ್ವರನ ಜಾತ್ರೆ ನೆರೆಯುತ್ತದೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ಇವುಗಳ ನಡುವೆ ಬೈಲಹೊಂಗಲದ ಸುತ್ತಲಿನ ಊರುಗಳ ಸಣ್ಣಪುಟ್ಟ ಜಾತ್ರೆಗಳಿಗೆ ಲೆಕ್ಕವೇ ಇಲ್ಲ. ಈ ಜಾತ್ರೆಗಳ ವಹಿವಾಟಿನ ಮಾತು ಬಂದಾಗ ವ್ಯಾಪಾರಸ್ಥರು ತೆಂಗಿನಕಾಯಿ, ಭಂಡಾರ, ಬಳೆ, ಬೆಂಡು-ಬತ್ತಾಸು, ಪಾತ್ರೆ-ಪಗಡೆಗಳನ್ನು ಎಣಿಸುತ್ತಾರೆ. ಜಾತ್ರೆಯ ಬಯಲಿನ ಒಂದು ಮೂಲೆಯನ್ನೇ ಆಕ್ರಮಿಸಿ ನಿಲ್ಲುವ ತೊಟ್ಟಿಲು, ಕೊಲಂಬಸ್ ಹಡಗು, ಡ್ರ್ಯಾಗನ್ ರೈಲುಗಳನ್ನು ಮಾತ್ರ ಯಾರೂ ವ್ಯಾಪಾರವೆಂದು ಎಣಿಸುವುದಿಲ್ಲ. ಅದು ಮಕ್ಕಳ ಆಟವೆಂಬ ಭಾವನೆ.

ಅದು ಆಟವಲ್ಲ, ಬಂಡವಾಳದ ಉದ್ದಿಮೆ. ಲಾರಿಗಟ್ಟಲೆ ಕಬ್ಬಿಣ, ಮೋಟಾರು, ಜನರೇಟರು, ಕೆಲಸಗಾರರ ಪಡೆ, ಅವರ ಊಟ-ವಸತಿ, ಜಾಗದ ಹರಾಜಿನ ಹಣ ಎಲ್ಲವನ್ನೂ ಮೊದಲೇ ಹೂಡಿ, ಕೆಲವೇ ದಿನಗಳಲ್ಲಿ ಅದನ್ನು ವಸೂಲು ಮಾಡಿಕೊಳ್ಳಬೇಕಾದ ಉದ್ದಿಮೆ. ಮಳೆ ಬಂದರೆ ಆ ದಿನದ ಗಲ್ಲಾ ಖಾಲಿ. ಹಿಂದೆ ನಾಲ್ಕು ಪೆಟ್ಟಿಗೆಗಳ ಮರದ ತೊಟ್ಟಿಲನ್ನು ಇಬ್ಬರು ಕೈಯಿಂದಲೇ ತಿರುಗಿಸುತ್ತಿದ್ದ ಕಾಲದಲ್ಲಿ ಈ ಹೊರೆ ಇರಲಿಲ್ಲ. ಊರ ಬಡಿಗನೇ ಅದನ್ನು ಮಾಡುತ್ತಿದ್ದ, ಅವನೇ ದುರಸ್ತಿಯನ್ನೂ ಮಾಡುತ್ತಿದ್ದ.

ಮರದ ಸವಾರಿಯೆಂದರೆ ಹಿಂದುಳಿದದ್ದು ಎಂಬ ಗ್ರಹಿಕೆಯೂ ಸರಿಯಲ್ಲ. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನಿರ್ಮಿಸಿದ ಮರದ ಇಳಿಜಾರು ರೈಲಿಗೆ ಒಂದು ಸವಾರಿಯ ದರ 5 ಸೆಂಟ್. ಹೂಡಿದ ಹಣ ಕೆಲವೇ ವಾರಗಳಲ್ಲಿ ಹಿಂದಿರುಗಿತೆಂದು ಪ್ರತೀತಿ. ಅಲ್ಲಿಯೇ 1927ರಲ್ಲಿ ಆರಂಭವಾದ ಮರದ ಹಳಿಯ ‘ಸೈಕ್ಲೋನ್’ ರೋಲರ್ ಕೋಸ್ಟರ್ ಇಂದು ಸಂರಕ್ಷಿತ ಸ್ಮಾರಕ. ವಾಣಿಜ್ಯದ ದೃಷ್ಟಿಯಿಂದ ಇನ್ನೂ ಸ್ವಾರಸ್ಯಕರವಾದುದು ಪೆನ್ಸಿಲ್ವೇನಿಯಾದ ಗ್ರಾಮಾಂತರದ ಕನೋಬೆಲ್ಸ್ ಎಂಬ ಕೌಟುಂಬಿಕ ಉದ್ಯಾನದ ಕಥೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಮುಚ್ಚಿಹೋಗಿದ್ದ ಒಂದು ಉದ್ಯಾನದ ಹಳೆಯ ಮರದ ಕೋಸ್ಟರನ್ನು ಈ ಕುಟುಂಬ ಕೊಂಡು, ಬಿಚ್ಚಿ, ಸಾಗಿಸಿ, 1985ರಲ್ಲಿ ತನ್ನಲ್ಲಿ ಮರಳಿ ನಿಲ್ಲಿಸಿತು. ಅದಕ್ಕೆ ‘ಫೀನಿಕ್ಸ್’ ಎಂದು ಹೆಸರಿಟ್ಟಿತು. ಆ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಹತ್ತಿದ ಸವಾರಿಗೆ ಮಾತ್ರ ಹಣ. ಥೇಟ್ ಜಾತ್ರೆಯ ಪದ್ಧತಿ.

ಇಂತಹ ಸವಾರಿಗೆ ಸರಪಳಿಯಿಂದ ಒಮ್ಮೆ ಎತ್ತರಕ್ಕೆ ಏರಿಸುವುದಷ್ಟೇ ಯಂತ್ರದ ಕೆಲಸ. ಮುಂದಿನದನ್ನು ಗುರುತ್ವಾಕರ್ಷಣೆಯೇ ನೋಡಿಕೊಳ್ಳುತ್ತದೆ. ಗಾಡಿ ತಿರುವಿನಲ್ಲಿ ಧಾವಿಸಿದಾಗ ಮರದ ಚೌಕಟ್ಟು ತುಸು ಬಾಗಿ ಹೊರೆಯನ್ನು ತಾಳಿಕೊಳ್ಳುತ್ತದೆ. ಕುಳಿತವರಿಗೆ ಆ ಅಲುಗಾಟವೇ ರೋಮಾಂಚನ. ಆದರೆ ಬಿಸಿಲು-ಮಳೆಗೆ ಮರ ಹಿಗ್ಗಿ ಕುಗ್ಗುವುದರಿಂದ ಬೋಲ್ಟುಗಳು ಸಡಿಲಗೊಳ್ಳುತ್ತವೆ. ಆದಕಾರಣ ಹಳಿಯುದ್ದಕ್ಕೂ ನಡೆದು ನೋಡಿ ಬಿಗಿ ಮಾಡುವ ಮನುಷ್ಯ ನಿತ್ಯವೂ ಬೇಕು, ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಲೇ ಇರಬೇಕು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಮರದ ಸವಾರಿಯ ನಿಜವಾದ ವೆಚ್ಚ ಬಂಡವಾಳದ ಖಾತೆಯಲ್ಲಿಲ್ಲ, ದುರಸ್ತಿಯ ಖಾತೆಯಲ್ಲಿದೆ. ಕಬ್ಬಿಣದ ಸವಾರಿಗೂ ಈ ಮಾತು ಅನ್ವಯಿಸುತ್ತದೆ. ಬಿಚ್ಚಿ ಕಟ್ಟುವ ಜಾತ್ರೆಯ ತೊಟ್ಟಿಲಿಗಂತೂ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಪ್ರತಿ ಊರಿನಲ್ಲೂ ಅದರ ಪಿನ್ನು, ಬೋಲ್ಟು, ಬೆಸುಗೆಗಳಿಗೆ ಹೊಸ ಪರೀಕ್ಷೆ.

ದುರಸ್ತಿಯ ಖಾತೆ ಬರಿದಾದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆಗಳು ಬೇಕಿಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಸವಾರಿಯ ತೋಳು ಮುರಿದು ಇಬ್ಬರು ಸತ್ತರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದ ಬಯಲಿನಲ್ಲಿ ಎತ್ತರದ ಸವಾರಿಯೊಂದು ಧೊಪ್ಪನೆ ಕುಸಿದು ಹಲವರು ಗಾಯಗೊಂಡರು. ಮೊದಲನೆಯದು ಕಾಯಂ ಉದ್ಯಾನ, ಎರಡನೆಯದು ತಾತ್ಕಾಲಿಕ ಮೇಳ. ಅಂದರೆ ಕಾಯಂ ಕಟ್ಟಡವಿದ್ದ ಮಾತ್ರಕ್ಕೆ ಸುರಕ್ಷೆ ಬರುವುದಿಲ್ಲ. ಸವಾರಿಗಳ ಸುರಕ್ಷೆಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡವೇ ಇದೆ. ಜಾತ್ರೆಯ ಬಯಲಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ತಪಾಸಣೆ ಮಾಡುವವರು ಯಾರು ಎಂಬುದೇ ಪ್ರಶ್ನೆ.

ಇನ್ನು ತೆರಿಗೆಯ ವಿಚಾರ. ಜಿಎಸ್‌ಟಿ ಜಾರಿಯಾದ 2017ರಲ್ಲಿ ಮನೋರಂಜನಾ ಉದ್ಯಾನಗಳ ಪ್ರವೇಶಕ್ಕೆ ಶೇಕಡಾ 28 ತೆರಿಗೆ ಇತ್ತು. 2018ರ ಜನವರಿಯಲ್ಲಿ ಅದನ್ನು ಶೇಕಡಾ 18ಕ್ಕೆ ಇಳಿಸಿದಾಗ ಅಧಿಸೂಚನೆಯಲ್ಲಿ ಥೀಮ್ ಪಾರ್ಕು, ವಾಟರ್ ಪಾರ್ಕುಗಳ ಜೊತೆಗೆ ಜಾಯ್ ರೈಡ್ ಮತ್ತು ಮೆರ‍್ರಿ-ಗೋ-ರೌಂಡುಗಳನ್ನೂ ಹೆಸರಿಸಲಾಯಿತು. ಹೀಗಾಗಿ ಬಿಡದಿಯ ವಂಡರ್‌ಲಾ ಹಾಗೂ ಗೊಡಚಿಯ ತೊಟ್ಟಿಲು ಒಂದೇ ದರದ ಸಾಲಿಗೆ ಸೇರಿದವು. ಸರ್ಕಸ್ಸಿಗೆ, ನಾಟಕಕ್ಕೆ ಮಾತ್ರ 500 ರೂಪಾಯಿವರೆಗಿನ ಟಿಕೇಟಿನ ಮೇಲೆ ತೆರಿಗೆ ವಿನಾಯಿತಿಯಿದೆ. ಅದೇ ಜಾತ್ರೆಯಲ್ಲಿ, ಅದೇ ಬಯಲಿನಲ್ಲಿ, ಒಂದೇ ಕೂಲಿಕಾರನ ಮಗು ಸರ್ಕಸ್ ಡೇರೆಗೆ ತೆರಿಗೆಯಿಲ್ಲದೆ ಹೋಗಬಹುದು. ತೊಟ್ಟಿಲು ಹತ್ತಿದರೆ, ಮಾಲೀಕ ನೋಂದಾಯಿತನಾಗಿದ್ದಲ್ಲಿ, 50 ರೂಪಾಯಿಯಲ್ಲಿ 7 ರೂಪಾಯಿ 63 ಪೈಸೆ ತೆರಿಗೆಗೆ ಹೋಗುತ್ತದೆ. ಈ ತಾರತಮ್ಯಕ್ಕೆ ಯಾವ ತರ್ಕವೂ ಕಾಣದು.

ಕರ್ನಾಟಕದವನೇ ಆದ ಸಣ್ಣ ಮಾಲೀಕನಿಗೆ ವಾರ್ಷಿಕ 20 ಲಕ್ಷ ರೂಪಾಯಿಯ ಮಿತಿಯ ರಕ್ಷಣೆಯಿದೆ. ಸಾಂಗ್ಲಿ ಅಥವಾ ಕೊಲ್ಹಾಪುರದ ಕಡೆಯಿಂದ ಬರುವವನ ಪರಿಸ್ಥಿತಿಯೇ ಬೇರೆ. ಕಾಯಂ ವ್ಯವಹಾರ ಸ್ಥಳವಿಲ್ಲದ ರಾಜ್ಯದಲ್ಲಿ ಆಗಾಗ ವ್ಯವಹರಿಸುವವನು ಕಾಯ್ದೆಯ ಕಣ್ಣಿನಲ್ಲಿ ‘ಸಾಂದರ್ಭಿಕ ತೆರಿಗೆದಾರ’. ಮಿತಿ ಅವನಿಗಿಲ್ಲ. ವ್ಯವಹಾರಕ್ಕೆ ಐದು ದಿನ ಮೊದಲೇ ಅರ್ಜಿ, ಅಂದಾಜು ತೆರಿಗೆಯ ಮುಂಗಡ ಠೇವಣಿ, 90 ದಿನಗಳ ನೋಂದಣಿ. ಅಂತರರಾಜ್ಯ ಸೇವೆಯ ಸಣ್ಣ ಪೂರೈಕೆದಾರರಿಗೆ 2017ರಲ್ಲಿಯೇ ಕೊಟ್ಟ ವಿನಾಯಿತಿ ತನಗೂ ಸಲ್ಲುತ್ತದೆಂದು ಅವನು ವಾದಿಸಬಹುದು. ವಾದ ತೆಗೆದುಹಾಕುವಂಥದ್ದಲ್ಲ, ಆದರೆ ಹತ್ತು ದಿನದ ಜಾತ್ರೆಗೆ ಬಂದವನು ಆ ವಾದವನ್ನು ಮಂಡಿಸುತ್ತಾ ಕೂರುವಷ್ಟರಲ್ಲಿ ಜಾತ್ರೆಯೇ ಮುಗಿದಿರುತ್ತದೆ. ಫಲವಾಗಿ ಆತ ಲೆಕ್ಕ ಬರೆಯದಿರುವ ದಾರಿಯನ್ನೇ ಹಿಡಿಯುವ ಸಂಭವ ಹೆಚ್ಚು. ಲೆಕ್ಕವಿಲ್ಲದವನಿಗೆ ಬ್ಯಾಂಕಿನ ಸಾಲ ದುರ್ಲಭ. ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಪಡೆಯುವುದೂ ಕಷ್ಟ, ಪಡೆದರೂ ಕ್ಲೇಮಿನ ಹೊತ್ತಿಗೆ ತೋರಿಸಲು ದುರಸ್ತಿಯ ಬಿಲ್ಲುಗಳಿರುವುದಿಲ್ಲ. ಅನಾಹುತವಾದಾಗ ಮಗುವನ್ನು ಕಳೆದುಕೊಂಡ ತಂದೆತಾಯಿಗೆ ದಕ್ಕುವುದು ಸರ್ಕಾರದ ಪರಿಹಾರದ ಘೋಷಣೆ ಮಾತ್ರ. ತೆರಿಗೆಯ ತೊಡಕು ಹೀಗೆ ಸುರಕ್ಷೆಯ ತೊಡಕಾಗಿ ಮಾರ್ಪಡುತ್ತದೆ.

ಇದಕ್ಕೆ ಪರಿಹಾರವಾಗಿ ಕಿತ್ತೂರಿನ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ಕಾಯಂ ಮನೋರಂಜನಾ ಉದ್ಯಾನವೊಂದು ಬರಲಿ ಎಂಬ ಅಪೇಕ್ಷೆ ಸಹಜವೇ. ಬೆಳಗಾವಿ-ಧಾರವಾಡಗಳ ನಡುವಿನ ಜಾಗ, ಚನ್ನಮ್ಮನ ಕೋಟೆ, ಸಂಚಾರಕ್ಕೂ ಕೊರತೆಯಿಲ್ಲ. ಆದರೂ ಹಣ ಹೂಡುವವರು ಒಮ್ಮೆ ಕೂಡಿ ಕಳೆದು ನೋಡಬೇಕು. ಈ ನಾಲ್ಕು ತಾಲ್ಲೂಕುಗಳ ಗ್ರಾಹಕ ಹತ್ತಿ, ಕಬ್ಬು, ಜೋಳದ ಸುಗ್ಗಿಯನ್ನು ನಂಬಿದವನು. ಕೈಯಲ್ಲಿ ಹಣವಿದ್ದಾಗ, ಹುಣ್ಣಿಮೆ-ಜಾತ್ರೆ ಬಂದಾಗ ಖರ್ಚು ಮಾಡುವವನು. ಹೆದ್ದಾರಿಯ ಕಾರುಗಳು ಗೋವೆಗೋ ಪುಣೆಗೋ ಹೋಗುವ ಅವಸರದಲ್ಲಿರುತ್ತವೆ. ಬಡ್ಡಿ ಹನ್ನೆರಡೂ ತಿಂಗಳು ಓಡುತ್ತದೆ, ಗಿರಾಕಿ ಓಡುವುದಿಲ್ಲ. ಊರಿಂದೂರಿಗೆ ಸಾಗುವ ಸವಾರಿಯೇ ಈ ಮಾರುಕಟ್ಟೆಗೆ ತಕ್ಕ ವ್ಯವಸ್ಥೆ. ಗ್ರಾಹಕ ಇದ್ದಲ್ಲಿಗೆ ಬಂಡವಾಳವೇ ಲಾರಿ ಏರಿ ಹೋಗುತ್ತದೆ.

ಆದುದರಿಂದ ಹೊಸ ಉದ್ಯಾನಕ್ಕಿಂತ ಇರುವ ತೊಟ್ಟಿಲಿಗೆ ಗಟ್ಟಿ ನೆಲ ಒದಗಿಸುವುದು ಮೇಲು. ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ ಕೇಂದ್ರವು 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಗುಡ್ಡದ ಯಾವುದೇ ಯೋಜನೆಯಲ್ಲಿ ಸವಾರಿಗಳಿಗಾಗಿ ಸಮತಟ್ಟಾದ ಕಾಂಕ್ರೀಟ್ ಹಾಸು, ಭದ್ರವಾದ ಆಧಾರಗಳು, ಸರಿಯಾದ ಅರ್ಥಿಂಗ್ ಇರುವ ವಿದ್ಯುತ್ ಸಂಪರ್ಕ, ಆಂಬುಲೆನ್ಸ್ ಬಂದು ಹೋಗುವಷ್ಟು ದಾರಿ ಇವುಗಳ ವೆಚ್ಚ ತೀರ ಅಲ್ಪ ಭಾಗವಾದೀತು. ಜಾಗದ ಹರಾಜಿನಲ್ಲಿ ಅತ್ಯಧಿಕ ಬೆಲೆಯೊಂದನ್ನೇ ನೋಡದೆ ವಿಮಾ ಪಾಲಿಸಿ ಹಾಗೂ ಅರ್ಹ ಎಂಜಿನಿಯರರ ಪ್ರಮಾಣಪತ್ರಗಳನ್ನು ಕಡ್ಡಾಯ ಷರತ್ತಾಗಿಸಬೇಕು. ಹರಾಜಿನ ಬೆಲೆ ಏರಿದಷ್ಟೂ ಮಾಲೀಕ ಕಡಿತ ಮಾಡುವುದು ದುರಸ್ತಿಯಲ್ಲಿಯೇ ಎಂಬುದನ್ನು ಹರಾಜು ಕೂಗುವವರು ಬಲ್ಲರೋ ಇಲ್ಲವೋ. ಪ್ರತಿಯಾಗಿ ಜಿಎಸ್‌ಟಿ ಮಂಡಳಿಯ ಮುಂದೆ ವಾಣಿಜ್ಯ ಸಂಸ್ಥೆಗಳು ಇಡಬೇಕಾದ ಬೇಡಿಕೆ ಒಂದೇ: ಸರ್ಕಸ್ಸಿನ ವಿನಾಯಿತಿಯ ಸಾಲಿಗೆ ಸಂಚಾರಿ ಸವಾರಿಗಳನ್ನೂ ಸೇರಿಸಿ. ರಾಜ್ಯದ ಬೊಕ್ಕಸಕ್ಕೆ ಇದರಿಂದ ಆಗುವ ನಷ್ಟ ನಗಣ್ಯ.

ಹಾಸಿಗೆ ಸುರಿದ ಕಾಂಕ್ರೀಟು ಪೂರ್ಣ ಬಲ ಪಡೆಯಲು 28 ದಿನ ಬೇಕು. ಬನದ ಹುಣ್ಣಿಮೆಗೆ ತೊಟ್ಟಿಲು ಅದರ ಮೇಲೆ ನಿಲ್ಲಬೇಕಾದರೆ ದೀಪಾವಳಿಯ ನಂತರ ಟೆಂಡರ್ ಕರೆದರೆ ತಡವಾಗುತ್ತದೆ.