ಬಾಂಬಿಗಿರುವ ಸಾರ್ವಭೌಮತ್ವ ಕೊಬ್ಬರಿಗೇಕಿಲ್ಲ?

1996ರಲ್ಲಿ ಹಾಸನ ಜಿಲ್ಲೆಯ ರೈತನ ಮಗ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದರು. ಭಾರತ ಒಪ್ಪದೆ ಸಿಟಿಬಿಟಿ ಜಾರಿಯಾಗದು ಎಂಬ ಕಲಮು ಸೇರಿಸಿ ನಮ್ಮ ಮೇಲೆ ಒತ್ತಡ ಹೇರಿದಾಗ, ಇದು ಸಾರ್ವಭೌಮತ್ವಕ್ಕೆ ಕುತ್ತು ಎಂದು ಅವರ ಸರ್ಕಾರ ಪಟ್ಟು ಹಿಡಿಯಿತು. ಸಂಸತ್ತು ಪಕ್ಷಭೇದ ಮರೆತು ಬೆನ್ನಿಗೆ ನಿಂತಿತು. ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ವಿರುದ್ಧ ಮತ ಹಾಕಿದ್ದು ಮೂರೇ ದೇಶ: ಭಾರತ, ಭೂತಾನ್, ಲಿಬಿಯಾ. ಆ ಗಟ್ಟಿತನ ಮೆಚ್ಚತಕ್ಕದ್ದೇ.

ಆದರೆ ಸಾರ್ವಭೌಮತ್ವವೆಂದರೆ ಬಾಂಬು, ಗಡಿ ಮಾತ್ರವೇ? 1994ರಲ್ಲಿ ಮರಕೇಶ್‌ನಲ್ಲಿ ಡಬ್ಲ್ಯುಟಿಒ ಒಪ್ಪಂದಕ್ಕೆ, 2009ರಲ್ಲಿ ಆಸಿಯಾನ್ ಸರಕು ಒಪ್ಪಂದಕ್ಕೆ ಸಹಿ ಬಿತ್ತು. ಎರಡಕ್ಕೂ ಸಂಸತ್ತಿನ ಅನುಮೋದನೆ ಬೇಕಾಗಲಿಲ್ಲ; ನಮ್ಮ ಸಂವಿಧಾನ ಅದನ್ನು ಕಡ್ಡಾಯ ಮಾಡಿಲ್ಲ. ಡಂಕೆಲ್ ಕರಡಿನ ವಿರುದ್ಧ ರೈತಸಂಘದ ಎಂ.ಡಿ. ನಂಜುಂಡಸ್ವಾಮಿ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಸದನದಲ್ಲಿ ಮತಕ್ಕೆ ಬಾರದ್ದು ಬೀದಿಗೇ ಬರಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತ ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾನೆ. ಅಷ್ಟರಲ್ಲಿ ದೆಹಲಿಯ ಒಂದು ಅಧಿಸೂಚನೆ ಎಣ್ಣೆ ಪೇಟೆಯ ಲೆಕ್ಕವನ್ನೇ ಬದಲಿಸಬಹುದು. ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕ 2024ರ ಸೆಪ್ಟೆಂಬರಿನಲ್ಲಿ ಸೊನ್ನೆಯಿಂದ ಶೇ. 20ಕ್ಕೆ ಏರಿತು, 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಯಿತು. ಯಾವ ರೈತನನ್ನು ಕೇಳಿದರು?

ಬಡವರ ಒಗ್ಗರಣೆಗೆ ಅಗ್ಗದ ಎಣ್ಣೆ ಬೇಕು ಎನ್ನುತ್ತಾರೆ. ನಿಜವಾದ ಮಾತೇ. ಹಾಗಾದರೆ ಅದನ್ನು ಸದನದಲ್ಲಿ ಎದ್ದು ನಿಂತು ಹೇಳಿ, ಮತಕ್ಕೆ ಹಾಕಿ, ಗೆಲ್ಲಿ. ವ್ಯಾಪಾರ ಒಪ್ಪಂದಗಳಿಗೆ ಸಂಸತ್ತಿನ ಅನುಮೋದನೆ ಕಡ್ಡಾಯವಾಗುವ ಕಾನೂನು ಬರುವವರೆಗೆ, ಸಾರ್ವಭೌಮತ್ವದ ಭಾಷಣ ನೀರಿಲ್ಲದ ಎಳನೀರು.