ಎರಡು ಸೀಟಿನ ಕಾರು ದುಡ್ಡು ದಂಡಾನಾ? ಲೆಕ್ಕ ಹಾಕೋಣ ಬನ್ನಿ

1/8
ನೇರ ವಿಷಯಕ್ಕೆ ಬರ್ತೀನಿ. ಹಗುರವಾಗಿರೋ, ಹಿಂದಿನ ಚಕ್ರಕ್ಕೆ ಪವರ್ ಹೋಗೋ, ಎರಡೇ ಸೀಟಿನ ಚಿಕ್ಕ ಸ್ಪೋರ್ಟ್ಸ್ ಕಾರು ಕೊಟ್ಟ ದುಡ್ಡಿಗೆ ಬಾಳುತ್ತಾ?

ಈ ಪ್ರಶ್ನೆಗೆ ನಮ್ಮ ಕಡೆ ಎರಡು ಗುಂಪು ಇದೆ. ಒಂದು ರೀಲ್ಸ್ ಗುಂಪು. ಮಜ್ದಾ ಮಿಯಾಟಾ, ಟೊಯೋಟಾ ಜಿಆರ್86 ವಿಡಿಯೋ ನೋಡಿ "ಅಫೋರ್ಡಬಲ್ ಸ್ಪೋರ್ಟ್ಸ್ ಕಾರ್ ಬ್ರೋ" ಅಂತ ಶೇರ್ ಮಾಡೋರು. ಇನ್ನೊಂದು ಅಂಕಲ್ ಗುಂಪು. "ಅದೇ ದುಡ್ಡಿಗೆ ಏಳು ಸೀಟು, ಸನ್‌ರೂಫು, ದೊಡ್ಡ ಡಿಕ್ಕಿ ಬರುತ್ತಲ್ಲಪ್ಪ" ಅನ್ನೋರು. ಈ ಅಂಕಲ್‌ಗಳಲ್ಲಿ 24 ವರ್ಷದವರೂ ಇದ್ದಾರೆ, ವೈಟ್‌ಫೀಲ್ಡ್ ಟೆಕ್ ಪಾರ್ಕ್‌ಗಳ ಪಾರ್ಕಿಂಗ್ ನೋಡಿದ್ರೆ ಗೊತ್ತಾಗುತ್ತೆ.

ನನ್ನ ಪ್ರಕಾರ ಎರಡೂ ಗುಂಪಿನ ಲೆಕ್ಕ ತಪ್ಪು. ಮೊದಲನೆಯವರಿಗೆ ಬೆಲೆ ಗೊತ್ತಿಲ್ಲ. ಎರಡನೆಯವರು ಸೀಟು ಎಣಿಸಿ ಬೆಲೆ ಕಟ್ತಾರೆ. ಎಂಟು ಪೋಸ್ಟ್‌ನಲ್ಲಿ ಹೇಳಿ ಮುಗಿಸ್ತೀನಿ. "ಬಿಕಾಂ ಹುಡುಗಿಗೆ ಕಾರಿನ ವಿಷಯ ಯಾಕೆ" ಅಂತ ಕಾಮೆಂಟ್ ಹಾಕೋರು ಕೊನೇ ತನಕ ಓದಿ ಆಮೇಲೆ ಹಾಕಿ. ಇದು ಲೆಕ್ಕದ ವಿಷಯ, ಬಿಕಾಂನೋರೇ ಮಾತಾಡಬೇಕು.

2/8
ಮೊದಲು ರೀಲ್ಸ್ ಗುಂಪು.

ಮಿಯಾಟಾ 1989ರಲ್ಲಿ ಬಂತು. ಇಂಜಿನ್ ಮುಂದೆ, ಪವರ್ ಹಿಂದಿನ ಚಕ್ರಕ್ಕೆ, ಎರಡು ಸೀಟು, ಬಟ್ಟೆ ಟಾಪ್. 2016ಕ್ಕೆ ಹತ್ತು ಲಕ್ಷ ಗಾಡಿ ತಯಾರಾಗಿತ್ತು. ಈಗಲೂ ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಅಮೆರಿಕಾದಲ್ಲಿ ಸುಮಾರು 30,000 ಡಾಲರ್. ಅಲ್ಲಿನ ಮಧ್ಯಮ ಕುಟುಂಬದ ವರ್ಷದ ಆದಾಯ 80,000 ಡಾಲರ್ ಆಸುಪಾಸು. ಅಂದ್ರೆ ಐದು ತಿಂಗಳ ಆದಾಯಕ್ಕೂ ಕಮ್ಮಿ. ಅವರು ಅಫೋರ್ಡಬಲ್ ಅನ್ನೋದು ಸರಿಯಾಗೇ ಇದೆ.

ಇಲ್ಲಿಗೆ ಬನ್ನಿ. ಮಜ್ದಾ ನಮ್ಮ ದೇಶದಲ್ಲಿ ಕಾರು ಮಾರೋದೇ ಇಲ್ಲ. ಟೊಯೋಟಾ ಫ್ಯಾಕ್ಟರಿ ನಮ್ಮ ಬಿಡದಿಯಲ್ಲೇ ಇದ್ರೂ ಜಿಆರ್86 ಇಲ್ಲಿಗೆ ತಂದಿಲ್ಲ. ತಂದ್ರೆ ಏನಾಗುತ್ತೆ? ಬಂದರಿಗೆ ಬರೋ ಹೊತ್ತಿಗೆ ಒಂದು ಕಾರು 25 ಲಕ್ಷ ಅಂತ ಇಟ್ಕೊಳ್ಳೋಣ.

ಕಸ್ಟಮ್ಸ್ 70%: 17.5 ಲಕ್ಷ. ಮೊತ್ತ 42.5
ಜಿಎಸ್‌ಟಿ 40%: 17 ಲಕ್ಷ. ಮೊತ್ತ 59.5
ಕರ್ನಾಟಕದ ಲೈಫ್‌ಟೈಮ್ ರೋಡ್ ಟ್ಯಾಕ್ಸ್ 18%, ಆ ಟ್ಯಾಕ್ಸ್ ಮೇಲೆ 11% ಸೆಸ್: ಸುಮಾರು 11.9 ಲಕ್ಷ
ಮೊತ್ತ: 71.4 ಲಕ್ಷ

ಡೀಲರ್ ಲಾಭ, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. ಕಾರು 25, ತೆರಿಗೆ 46. ಈ ರೇಟಿಗೆ ನನ್ನ ಉತ್ತರ ಒಂದೇ: ಬೇಡ. ಎಷ್ಟೇ ಒಳ್ಳೇ ಕಾರಾದ್ರೂ ಬೇಡ. 71 ಲಕ್ಷಕ್ಕೆ ಇದರ ಪಕ್ಕ ನಿಲ್ಲೋ ಕಾರುಗಳೇ ಬೇರೆ, ಅವುಗಳ ಮುಂದೆ ಇದು ಸೋಲುತ್ತೆ.

3/8
ಹಾಗಾದ್ರೆ ಹಗುರ, ಹಿಂಚಕ್ರ ಡ್ರೈವ್ ಅನ್ನೋದೇ ದುಬಾರಿ ತಂತ್ರಜ್ಞಾನಾನಾ? ಫೋಟೋ ನೋಡಿ. ಪೀಣ್ಯದಲ್ಲಿ ಬಿಡಿಭಾಗಗಳ ಕ್ರೇಟ್ ಇಳಿಸ್ತಿರೋ ಮಾರುತಿ ಈಕೋ. ತೂಕ ಒಂದು ಟನ್‌ಗಿಂತ ಕಮ್ಮಿ. 1.2 ಲೀಟರ್ ಇಂಜಿನ್ ಸೀಟಿನ ಕೆಳಗೆ. ಪವರ್ ಹೋಗೋದು ಹಿಂದಿನ ಚಕ್ರಕ್ಕೆ. ಬೆಲೆ ಎಕ್ಸ್‌ಶೋರೂಮ್ 5 ಲಕ್ಷ ಚಿಲ್ಲರೆಯಿಂದ ಶುರು.

ಇದರ ಅಣ್ಣ ಓಮ್ನಿ, ಕನ್ನಡ ಸಿನಿಮಾದ ಖಾಯಂ ಕಿಡ್ನ್ಯಾಪ್ ಗಾಡಿ, ಅದೂ ಹಿಂಚಕ್ರದ್ದೇ. 2009ರಲ್ಲಿ ಒಂದು ಲಕ್ಷದ ಕಾರು ಅಂತ ಬಂದ ನ್ಯಾನೋಗೆ ಇಂಜಿನ್ನೂ ಹಿಂದೆ, ಡ್ರೈವೂ ಹಿಂದೆ, ತೂಕ 600 ಕೆಜಿ ಸುಮಾರು. 2001ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬೊಮ್ಮಸಂದ್ರದಿಂದ ಹೊರಟ ರೇವಾ, ಲಂಡನ್‌ನಲ್ಲಿ ಜಿ-ವಿಜ್ ಹೆಸರಲ್ಲಿ ಓಡಿದ ಎಲೆಕ್ಟ್ರಿಕ್ ಕಾರು, ಅದರ ಮೋಟರ್ ತಿರುಗಿಸ್ತಿದ್ದಿದ್ದೂ ಹಿಂದಿನ ಚಕ್ರಾನೇ.

ಇವು ಯಾವೂ ಸ್ಪೋರ್ಟ್ಸ್ ಕಾರಲ್ಲ, ಗೊತ್ತು. ಈಕೋದಲ್ಲಿ ಕೂತು ಯಾರೂ ಟೈಮ್ ನೋಡಲ್ಲ. ಆದ್ರೆ ಹಗುರ, ಅಗ್ಗ, ಹಿಂಚಕ್ರ, ಈ ಮೂರನ್ನೂ ಒಂದೇ ಗಾಡಿಯಲ್ಲಿ ಸೇರಿಸೋದು ನಮ್ಮವರಿಗೆ ಬರುತ್ತೆ ಅನ್ನೋದಕ್ಕೆ ಇಷ್ಟು ಸಾಕು. ಹಾಲಿನ ಕ್ಯಾನ್ ಹೊರೋಕೆ ಐದು ಲಕ್ಷಕ್ಕೆ ಸಿಗೋ ವ್ಯವಸ್ಥೆ, ಖುಷಿಗೆ ಬೇಕು ಅಂದ ತಕ್ಷಣ ಶ್ರೀಮಂತರ ವಸ್ತು ಹೇಗಾಗುತ್ತೆ?

4/8
"ಇಂಡಿಯಾದಲ್ಲಿ ಯಾರೂ ಟ್ರೈ ಮಾಡಿಲ್ವಾ?" ಮಾಡಿದ್ರು. ಅದೂ ನಮ್ಮ ವೈಟ್‌ಫೀಲ್ಡ್ ರಸ್ತೆಯವರೇ.

ಮಹದೇವಪುರದ ಸ್ಯಾನ್ ಇಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಹೆಸರು ಆ ಕಡೆ ಬಸ್ಸಲ್ಲಿ ಓಡಾಡೋರಿಗೆ ಗೊತ್ತಿರುತ್ತೆ. ರೈಲು ಇಂಜಿನ್ ಮಾಡೋ ಕಂಪನಿ. ಅದೇ ಬಳಗದ ಸ್ಯಾನ್ ಮೋಟರ್ಸ್ 90ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಅನ್ನೋ ಎರಡು ಸೀಟಿನ ಕಾರು ತೋರಿಸಿತು. ಡಿಸೈನ್ ಫ್ರಾನ್ಸಿನದ್ದು, ರೆನೋ ಕಂಪನಿಯ 1149 ಸಿಸಿ ಇಂಜಿನ್, 60 ಅಶ್ವಶಕ್ತಿ, ಫೈಬರ್ ಬಾಡಿ, ಟಾಪ್ ಇಲ್ಲದ ಮಾಡೆಲ್ಲೂ ಇತ್ತು. ಡ್ರೈವ್ ಮಾತ್ರ ಮುಂದಿನ ಚಕ್ರಕ್ಕೆ, ಹಾಗಾಗಿ ನಾನು ಕೇಳ್ತಿರೋ ಕಾರು ಪೂರ್ತಿ ಇದೇ ಅಲ್ಲ. ಆದ್ರೂ ಅದಕ್ಕೆ ಇಷ್ಟು ಹತ್ತಿರ ಬಂದ ಇನ್ನೊಂದು ನಮ್ಮೂರಿನ ಪ್ರಯತ್ನ ನನಗೆ ಕಂಡಿಲ್ಲ.

ಕೆಲವೇ ಗಾಡಿ ಮಾರಾಟ ಆಗಿ ಕಥೆ ಮುಗೀತು. ಅಂಕಲ್ ಗುಂಪು ಇದನ್ನೇ ಹಿಡ್ಕೊಂಡು "ನೋಡಿದ್ಯಾ, ಜನ ತಗೊಳ್ಳಲ್ಲ" ಅನ್ನುತ್ತೆ. ಆಗಿನ ಕಾಲ ಯೋಚನೆ ಮಾಡಿ. ಮನೆಗೆ ಮೊದಲನೇ ಕಾರು ಬರ್ತಿದ್ದ ದಿನಗಳು. ಅಜ್ಜಿ, ಅಮ್ಮ, ಮಕ್ಕಳು ಎಲ್ಲರೂ ಹಿಡಿಸಬೇಕಿತ್ತು. ಇವತ್ತು ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೊಂದು ಮನೆಗೆ ಎರಡೆರಡು ಕಾರಿವೆ. ಎರಡನೇದೂ ಐದು ಸೀಟಿನದ್ದೇ. ಬೆಳಗ್ಗೆ ಅದರಲ್ಲಿ ಆಫೀಸಿಗೆ ಹೋಗೋದು ಒಬ್ಬರೇ.

5/8
"ಉಪಯೋಗಕ್ಕೆ ಬಾರದ ಗಾಡಿಗೆ ನಮ್ಮ ಜನ ದುಡ್ಡು ಕೊಡಲ್ಲ" ಅನ್ನೋದು ದೊಡ್ಡ ಸುಳ್ಳು. ಎರಡು ಸಾಕ್ಷಿ ಕೊಡ್ತೀನಿ.

ಒಂದು, ಆರ್‌ಎಕ್ಸ್ 100. 1996ಕ್ಕೇ ನಿಂತ ಬೈಕು. 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕೆಜಿ ಹತ್ತಿರ. ಮೈಲೇಜಿಲ್ಲ, ಡಿಸ್ಕ್ ಬ್ರೇಕಿಲ್ಲ. ಇವತ್ತೂ ಲಕ್ಷದ ಮೇಲೆ ಕೊಟ್ಟು ತಗೊಳ್ಳೋ ಹುಡುಗರು ನಮ್ಮ ಏರಿಯಾದಲ್ಲೇ ಇದ್ದಾರೆ. ಯಾಕೆ ಅಂದ್ರೆ "ಎಳೆಯುತ್ತೆ ಮಗಾ" ಅಂತಾರೆ. ಇಂಜಿನ್ ಚಿಕ್ಕದಾದ್ರೂ ಹೊರಬೇಕಾದ ಭಾರ ಕಮ್ಮಿ, ಅದಕ್ಕೇ ಎಳೆಯುತ್ತೆ. ಹಗುರದ ಸುಖ ಏನು ಅಂತ ನಮ್ಮೂರಿಗೆ ಜಪಾನ್ ಬಂದು ಪಾಠ ಮಾಡಬೇಕಾಗಿಲ್ಲ.

ಎರಡು, ಥಾರ್. ಮೂರು ಬಾಗಿಲು, ಹಿಂದೆ ಕೂರೋರಿಗೆ ಸರ್ಕಸ್ಸು, ನಾಲ್ಕು ಜನ ಕೂತ್ರೆ ಬ್ಯಾಗಿಗೆ ಜಾಗ ಇಲ್ಲ. 2023ರ ಜನವರಿಯಲ್ಲಿ 9.99 ಲಕ್ಷಕ್ಕೆ ಹಿಂಚಕ್ರ ಡ್ರೈವ್ ಮಾಡೆಲ್ ಬಂತು. ಜನ ಕಾದು ತಗೊಂಡ್ರು. ಅವರಲ್ಲಿ ಎಷ್ಟು ಜನ ಗುಡ್ಡ ಹತ್ತಿಸ್ತಾರೆ? ಕುಂದಲಹಳ್ಳಿ ಸಿಗ್ನಲ್‌ನಲ್ಲಿ ನಿಂತಿರೋದನ್ನೇ ನಾನು ನೋಡಿರೋದು. ಅದಕ್ಕೆ ನನ್ನ ತಕರಾರಿಲ್ಲ. ಖುಷಿಗೆ ತಗೊಂಡಿದ್ದಾರೆ. ಅದೇ ಖುಷಿಯನ್ನ ಕಬ್ಬಿಣ ಕಮ್ಮಿ ಮಾಡಿ ಕೇಳಿದ್ರೆ ಮಾತ್ರ "ದಂಡ" ಅಂತೀರಲ್ಲ, ಅದಕ್ಕೆ ತಕರಾರು.

6/8
ಈಗ ಎಲ್ಲರೂ ಕಾಯ್ತಿರೋ ಪಾಯಿಂಟು: "ಬೆಂಗಳೂರು ಟ್ರಾಫಿಕ್‌ನಲ್ಲಿ ಸ್ಪೋರ್ಟ್ಸ್ ಕಾರಾ?"

ಟಾಮ್‌ಟಾಮ್ 2024ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿಮೀ ಹೋಗೋಕೆ ಸರಾಸರಿ 34 ನಿಮಿಷ. ಗಂಟೆಗೆ 18 ಕಿಮೀ ಕೂಡ ಇಲ್ಲ. ಸರಿ. ಹಾಗಿದ್ರೆ 160 ಅಶ್ವಶಕ್ತಿಯ ಟರ್ಬೋ ಎಸ್‌ಯುವಿ ಈ ಟ್ರಾಫಿಕ್‌ನಲ್ಲಿ ಏನು ಮಾಡ್ತಿದೆ? ಅದನ್ನ ಯಾರೂ ಕೇಳಲ್ಲ. ದೊಡ್ಡ ಗಾಡಿಯ ಮಜಾ ಸಿಗಬೇಕಾದ್ರೆ 120 ದಾಟಬೇಕು, ಅಲ್ಲಿ ಚಲನ್ನೂ ಕಾದಿರುತ್ತೆ, ಆಸ್ಪತ್ರೆಯೂ ಕಾದಿರುತ್ತೆ. ಹಗುರ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ತಿರುಗೋದೊಂದೇ ಕೆಲಸ, ತಳ್ಳೋದು ಹಿಂದಿನದ್ದು. ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಬಂದು ತಳ್ಳೋ ಚಕ್ರಕ್ಕೇ ಹಿಡಿತ ಜಾಸ್ತಿ ಆಗುತ್ತೆ. ಇದು 50ರಲ್ಲೇ ಕೈಗೆ ಗೊತ್ತಾಗುತ್ತೆ. ಭಾನುವಾರ ಬೆಳಗ್ಗೆ ದೇವರಾಯನದುರ್ಗದ ತಿರುವು ಸಾಕು. ಬ್ರೇಕು, ಟೈರು, ಪೆಟ್ರೋಲು ಎಲ್ಲಾ ಖರ್ಚೂ ಭಾರದ ಗಾಡಿಗಿಂತ ಕಮ್ಮಿ.

ಹಂಪ್ಸ್ ವಿಷಯ ನಿಜ. ನಮ್ಮ ಲೇಔಟ್ ಹಂಪ್‌ಗಳಿಗೆ ಮಿಯಾಟಾ ಹೊಟ್ಟೆ ಉಜ್ಜುತ್ತೆ, ಒಪ್ತೀನಿ. ಇಲ್ಲಿಗೆ ಮಾಡೋ ಕಾರು ಇಲ್ಲಿನ ರಸ್ತೆಗೆ ಸ್ವಲ್ಪ ಎತ್ತರ ಇರಬೇಕು. ಹಗುರ ಅಂದ್ರೆ ಏರ್‌ಬ್ಯಾಗ್ ತೆಗೆದು ತಗಡು ಕೊಡೋದೂ ಅಲ್ಲ. ಇನ್ನು ರಾತ್ರಿ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ರೇಸ್ ಬಿಡೋ ಅಣ್ಣಂದಿರೇ, ಈ ಪೋಸ್ಟ್ ನಿಮ್ಮ ಪರ ಅಲ್ಲ. ಸ್ಪೀಡ್ ಬೇಕಿದ್ರೆ ಚೆನ್ನೈ, ಕೊಯಮತ್ತೂರಲ್ಲಿ ಟ್ರ್ಯಾಕ್ ಇದೆ.

7/8
ಯಾರ ದುಡ್ಡು ಅನ್ನೋದೂ ಮುಖ್ಯ.

ನಮ್ಮಪ್ಪ ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಲೇತ್ ಆಪರೇಟರ್. ಗಾಡಿಗೆ ಹೋಗೋ ಶಾಫ್ಟು, ಬುಷ್ಷು ದಿನಾ ಕೈಯಲ್ಲಿ ಹಿಡೀತಾರೆ. ನಮ್ಮನೇಲಿ ಕಾರಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷವೇ ಲೋನ್ ಹಾಕಿ ಇಂಥ ಕಾರು ತಗೋತೀನಿ ಅಂದ್ರೆ ಅದು ಹುಚ್ಚು. 10 ಲಕ್ಷ ಸಾಲ, 9% ಬಡ್ಡಿ, 7 ವರ್ಷ: ತಿಂಗಳಿಗೆ ಸುಮಾರು 16,100 ಇಎಂಐ, ಒಟ್ಟು ಬಡ್ಡಿ 3.5 ಲಕ್ಷ. ವರ್ಷಕ್ಕೆ ಮೂರೂವರೆ ಲಕ್ಷದ ಪ್ಯಾಕೇಜ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಂಬಳ ಅಲ್ಲೇ ಹೋಯ್ತು. ನನ್ನ ವಯಸ್ಸಿನೋರಿಗೆ ಸ್ಪಷ್ಟವಾಗಿ ಹೇಳ್ತೀನಿ: ಎರಡು ಸೀಟಾದ್ರೂ ಐದು ಸೀಟಾದ್ರೂ ಈಗ ಬೇಡ. ಮೆಟ್ರೋ ಇದೆ, ಬಿಎಂಟಿಸಿ ಇದೆ.

ನನ್ನ ವಾದ ಇರೋದು ಹೇಗಿದ್ರೂ ಎರಡನೇ ಕಾರಿಗೆ 18 ಲಕ್ಷ ಎತ್ತಿಟ್ಟಿರೋರ ಜೊತೆ. ಮತ್ತೆ ತೆರಿಗೆ ಬರೆಯೋರ ಜೊತೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%. ಅದಕ್ಕಿಂತ ದೊಡ್ಡದಕ್ಕೆ 40%. ಉದ್ದ ನೋಡ್ತಾರೆ, ಸಿಸಿ ನೋಡ್ತಾರೆ, ತೂಕ ನೋಡಲ್ಲ. ರಸ್ತೆ ಸವೆಸೋದು ತೂಕ, ಪೆಟ್ರೋಲ್ ಕುಡಿಯೋದು ತೂಕ, ಗುದ್ದಿದಾಗ ಎದುರಿನವನನ್ನ ಕೊಲ್ಲೋದೂ ತೂಕ. 1400 ಕೆಜಿಯ ಗಾಡಿಗೂ 900 ಕೆಜಿಯ ಗಾಡಿಗೂ ಒಂದೇ ತಕ್ಕಡಿ ಅಂದ್ರೆ ಯಾವ ಕಂಪನಿ ಹಗುರ ಮಾಡೋಕೆ ಖರ್ಚು ಮಾಡುತ್ತೆ?

8/8
ತೀರ್ಪು.

ಆಮದು ಮಾಡಿ 71 ಲಕ್ಷಕ್ಕೆ ಬರೋ ಮಿಯಾಟಾ: ಬಾಳಲ್ಲ.

ಇಲ್ಲೇ ಮಾಡಿ, 3.9 ಮೀಟರ್ ಉದ್ದ, 1.2 ಟರ್ಬೋ ಇಂಜಿನ್, ಹಿಂಚಕ್ರ ಡ್ರೈವ್, 900 ಕೆಜಿ, ಫ್ಯಾಕ್ಟರಿ ಬೆಲೆ 9 ಲಕ್ಷ ಅಂತ ಹಿಡಿಯೋಣ. ಜಿಎಸ್‌ಟಿ 18% ಸೇರಿ 10.62. ಆ ಸ್ಲ್ಯಾಬ್‌ನಲ್ಲಿ ರೋಡ್ ಟ್ಯಾಕ್ಸ್ 17%, ಮೇಲೆ ಸೆಸ್, ಸುಮಾರು 2 ಲಕ್ಷ. 12.6 ಆಯ್ತು, ಇನ್ಶೂರೆನ್ಸ್ ಸೇರಿದ್ರೆ 13 ಲಕ್ಷದ ಸುತ್ತಮುತ್ತ. ಈ ರೇಟಿಗೆ ಪೂರ್ತಿ ಬಾಳುತ್ತೆ. ಒಬ್ಬರೇ ಕೂತು ಓಡಿಸೋ 18 ಲಕ್ಷದ ಎಸ್‌ಯುವಿಗಿಂತ ಖಂಡಿತ ಬಾಳುತ್ತೆ.

9 ಲಕ್ಷಕ್ಕೆ ಮಾಡೋಕಾಗಲ್ಲ ಅನ್ನೋರು ಲೆಕ್ಕ ತನ್ನಿ, ಕಾಮೆಂಟ್‌ನಲ್ಲಿ ಪಿನ್ ಮಾಡ್ತೀನಿ. ಆದ್ರೆ ಒಂದು ನೆನಪಿರಲಿ. ಐದು ಲಕ್ಷಕ್ಕೆ ಹಿಂಚಕ್ರದ ವ್ಯಾನ್ ಕೊಡ್ತಿರೋ ದೇಶ ಇದು. ಶಾಫ್ಟು, ಗೇರು ಕಡೆಯೋ ಕೈಗಳು ಪೀಣ್ಯದಲ್ಲಿವೆ, ಎಲೆಕ್ಟ್ರಿಕ್ ಕಾರು ಮಾಡಿದ ಜಾಗ ಬೊಮ್ಮಸಂದ್ರದಲ್ಲಿದೆ, ಸಾಫ್ಟ್‌ವೇರ್ ಬರೆಯೋರು ವೈಟ್‌ಫೀಲ್ಡಲ್ಲಿದ್ದಾರೆ. ಕೊರತೆ ಇರೋದು ಕೇಳೋರದ್ದು. ಶೋರೂಮಿಗೆ ಹೋದಾಗ ಸನ್‌ರೂಫ್ ಇದೆಯಾ ಅಂತ ಕೇಳ್ತೀರಲ್ಲ, ಅದರ ಜೊತೆ "ತೂಕ ಎಷ್ಟು?" ಅಂತ ಒಂದು ಸಲ ಕೇಳಿ ನೋಡಿ. ಸೇಲ್ಸ್‌ನೋರು ತಡವರಿಸ್ತಾರೆ. ಹತ್ತು ಜನ ಕೇಳಿದ್ರೆ ಉತ್ತರ ಬಾಯಿಪಾಠ ಮಾಡ್ಕೋತಾರೆ. ಹತ್ತು ಸಾವಿರ ಜನ ಕೇಳಿದ್ರೆ ಕಂಪನಿಗೆ ಸುದ್ದಿ ಹೋಗುತ್ತೆ.

ಒಪ್ಪಿದ್ರೆ ಸೇವ್ ಮಾಡಿ, ಒಪ್ಪದಿದ್ರೆ ಕ್ಯಾಲ್ಕುಲೇಟರ್ ತಗೊಂಡು ಜಗಳಕ್ಕೆ ಬನ್ನಿ.

#ಲೆಕ್ಕಹಾಕಿಮಾತಾಡಿ #ಹಗುರಗಾಡಿ #ಹಿಂಚಕ್ರ #ಸ್ಯಾನ್‌ಸ್ಟಾರ್ಮ್ #ಪೀಣ್ಯ #ವೈಟ್‌ಫೀಲ್ಡ್